ನ್ಯೂಟನ್ ವಾರ್ಡನ್ನೋ, ಮಾಸ್ಟರೋ?

ನಮಸ್ಕಾರ,

ನಿಮ್ಮ ಪತ್ರ ಸಿಕ್ಕಿತು. ಕಳೆದ ಸಂಚಿಕೆಯ ನ್ಯೂಟನ್ ಲೇಖನದಲ್ಲಿ ಅವರನ್ನು ಒಂದು ಕಡೆ ಇಂಗ್ಲೆಂಡಿನ ರಾಜ ಟಂಕಸಾಲೆಯ ವಾರ್ಡನ್ ಅಂತಲೂ, ಇನ್ನೊಂದು ಕಡೆ ಮಾಸ್ಟರ್ ಅಂತಲೂ ಬರೆದಿದ್ದೆವು. ಎರಡೂ ಒಂದೇನಾ, ಅಥವಾ ದೊಡ್ಡ ವಿಜ್ಞಾನಿಗೆ ಸುಮ್ನೆ ಗೌರವಕ್ಕೆ ಕೊಟ್ಟ ಕುರ್ಚಿಯಾ ಅಂತ ಕೇಳಿದ್ದೀರಿ. ಒಂದೇ ಅಲ್ಲ. ಅದನ್ನು ಲೇಖನದಲ್ಲೇ ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪು ನಮ್ಮದು.

ಮಾಸ್ಟರ್ ಅಂದರೆ ನಾಣ್ಯ ಮಾಡಿಸುವವರು. ವಾರ್ಡನ್ ಅಂದರೆ ರಾಜನ ಪರವಾಗಿ ಅಲ್ಲಿ ಕೂತು ಕಣ್ಣಿಡುವವರು. ಮಾಸ್ಟರ್ ಹೆಚ್ಚುಕಡಿಮೆ ಗುತ್ತಿಗೆದಾರನಿದ್ದ ಹಾಗೆ: ರಾಜನ ಜೊತೆ ಕರಾರು, ಇಷ್ಟು ತೂಕದ ಲೋಹದಲ್ಲಿ ಇಷ್ಟು ನಾಣ್ಯ, ಶುದ್ಧತೆ ಇಷ್ಟು, ಚೂರು ಆಚೀಚೆ ಆದರೆ ಎಲ್ಲಿಯವರೆಗೆ ಮಾಫಿ ಅನ್ನುವುದೂ ಅದರಲ್ಲೇ. ಟಂಕಿಸಿದ ತೂಕಕ್ಕೆ ತಕ್ಕ ಹಣ. ಇಂಥ ಕೆಲಸದಲ್ಲಿ ಬೆಳ್ಳಿ ಸ್ವಲ್ಪ ಕಮ್ಮಿ ಹಾಕೋಣ ಅಂತ ಯಾರಿಗಾದರೂ ಅನ್ನಿಸಬಹುದು, ಅಲ್ವಾ?

ಅನ್ನಿಸಿತ್ತು ಕೂಡ. ಒಂದನೇ ಹೆನ್ರಿಯ ಕಾಲದಲ್ಲಿ ಹಲವು ಊರುಗಳಲ್ಲಿ ನಾಣ್ಯ ಮಾಡುವವರಿದ್ದರು. ಅವರ ಬೆಳ್ಳಿ ಪೆನ್ನಿ ಎಷ್ಟು ಕೆಟ್ಟಿತ್ತು ಅಂದರೆ ಸಂತೆಯಲ್ಲಿ ಜನ ಮುಟ್ಟುತ್ತಿರಲಿಲ್ಲ. 1124ರ ಕೊನೆಗೆ ರಾಜ ಅವರನ್ನೆಲ್ಲ ವಿಂಚೆಸ್ಟರ್‌ಗೆ ಕರೆಸಿ ಬಲಗೈ ಕತ್ತರಿಸಲು ಹೇಳಿದ. ಭಯಾನಕ ಶಿಕ್ಷೆ. ಆದರೆ ಕೈ ಕಡಿದ ಮೇಲೂ ಮುಂದಿನ ನಾಣ್ಯವನ್ನು ಯಾರೋ ಮಾಡಲೇಬೇಕಲ್ಲ, ಅವರನ್ನು ನೋಡಿಕೊಳ್ಳುವವರು ಯಾರು? 13ನೇ ಶತಮಾನದ ಹೊತ್ತಿಗೆ ಸಿಕ್ಕ ಉತ್ತರ ನನಗೆ ತುಂಬಾ ಇಷ್ಟ. ಟಂಕಸಾಲೆ ಲಂಡನ್ನಿನ ಟವರ್ ಕೋಟೆಯ ಒಳಗೆ ಬಂತು, ರಾಜನ ಕಡೆಯ ವಾರ್ಡನ್ ಬಂದ. ಜೊತೆಗೆ ಪಿಕ್ಸ್ ಪರೀಕ್ಷೆ: ಆಗಾಗ ಕೆಲವು ನಾಣ್ಯ ತೆಗೆದು ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕುವುದು, ಆಮೇಲೆ ಹೊರಗಿನವರು ತೂಗಿ, ಕರಗಿಸಿ ನೋಡುವುದು. ಆ ಪರೀಕ್ಷೆ ಇವತ್ತಿಗೂ ನಡೆಯುತ್ತದೆ.

ಈಗ ನ್ಯೂಟನ್. ನಿಮ್ಮ ಅನುಮಾನ ಅರ್ಧ ಸರಿ. 1696ರಲ್ಲಿ ಹಣಕಾಸು ನೋಡುತ್ತಿದ್ದ ಅವರ ಸ್ನೇಹಿತ ಚಾರ್ಲ್ಸ್ ಮಾಂಟಗು ವಾರ್ಡನ್ ಹುದ್ದೆ ಕೊಡಿಸಿದಾಗ, ಇದರಲ್ಲಿ ಕೆಲಸ ಜಾಸ್ತಿ ಇಲ್ಲ ಅಂತಲೇ ಬರೆದಿದ್ದರು. ಆದರೆ ಅದೇ ಹೊತ್ತಿಗೆ ದೇಶದ ಹಳೇ ಬೆಳ್ಳಿ ನಾಣ್ಯವನ್ನೆಲ್ಲ ವಾಪಸ್ ತೆಗೆದು ಹೊಸದಾಗಿ ಟಂಕಿಸುವ ಕೆಲಸ ನಡೆಯುತ್ತಿತ್ತು. ಸುತ್ತಿಗೆಯಿಂದ ಬಡಿದು ಮಾಡಿದ ಆ ನಾಣ್ಯಗಳ ಅಂಚನ್ನು ಜನ ಕತ್ತರಿಸಿ ಕತ್ತರಿಸಿ ಬೆಳ್ಳಿ ಉಳಿಸಿಕೊಂಡಿದ್ದರು. 1662ರಿಂದ ಯಂತ್ರದಲ್ಲಿ ಬರುತ್ತಿದ್ದ ನಾಣ್ಯಕ್ಕೆ ಅಂಚಿನಲ್ಲಿ ಗುರುತು ಇರುತ್ತಿತ್ತು, ಕತ್ತರಿಸಿದರೆ ತಕ್ಷಣ ಗೊತ್ತಾಗುತ್ತಿತ್ತು. ನ್ಯೂಟನ್ ಕುರ್ಚಿಯಲ್ಲಿ ಸುಮ್ಮನೆ ಕೂರಲಿಲ್ಲ.

ಖೋಟಾ ನಾಣ್ಯದವರನ್ನು ಹಿಡಿಯುವುದೂ ವಾರ್ಡನ್ ಕೆಲಸವೇ. ಅದು ರಾಜದ್ರೋಹ, ಸಿಕ್ಕಿದರೆ ಸಾವು. ಮೊದಲಿಗೆ ನ್ಯೂಟನ್‌ಗೆ ಇದು ಬೇಡವಾಗಿತ್ತು, ಬಿಡಿಸಿ ಅಂತ ಖಜಾನೆಗೆ ಬರೆದರು, ಒಪ್ಪಲಿಲ್ಲ. ಬೇರೆ ದಾರಿ ಇಲ್ಲ ಅಂದ ಮೇಲೆ ತಾವೇ ಕೂತು ಸಾಕ್ಷಿಗಳ ಹೇಳಿಕೆ ಬರೆಸಿಕೊಂಡರು. ವಿಲಿಯಂ ಚಾಲೋನರ್ ಅನ್ನುವವನಂತೂ ಟಂಕಸಾಲೆಯವರಿಗೆ ಕೆಲಸ ಬರುವುದಿಲ್ಲ ಅಂತ ಪಾರ್ಲಿಮೆಂಟಿನವರೆಗೆ ದೂರು ಒಯ್ದಿದ್ದ, ತಾನೇ ಖೋಟಾ ನಾಣ್ಯ ಮಾಡುತ್ತಿದ್ದ! 1699ರ ಮಾರ್ಚಿನಲ್ಲಿ ಅವನನ್ನು ಗಲ್ಲಿಗೇರಿಸಿದರು.

ಅದೇ ವರ್ಷದ ಕೊನೆಗೆ ಮಾಸ್ಟರ್ ಆಗಿದ್ದ ಥಾಮಸ್ ನೀಲ್ ತೀರಿಕೊಂಡರು, ಆ ಜಾಗಕ್ಕೆ ನ್ಯೂಟನ್ ಬಂದರು. ಕಣ್ಣಿಡುತ್ತಿದ್ದವರು ಈಗ ಕರಾರಿಗೆ ಸಹಿ ಹಾಕುವವರು. ಈ ಬದಲಾವಣೆಯ ಬಿಸಿ ತಟ್ಟಿದ್ದು 1710ರ ಪಿಕ್ಸ್ ಪರೀಕ್ಷೆಯಲ್ಲಿ. ನ್ಯೂಟನ್ ಮಾಡಿಸಿದ ಚಿನ್ನ ಮಟ್ಟಕ್ಕಿಂತ ಕಮ್ಮಿ ಅಂತ ಬಂತು. ಅವರು ಬಿಡಲಿಲ್ಲ. ನಾಣ್ಯ ಸರಿಯಿದೆ, ನಾಣ್ಯದ ಶುದ್ಧತೆಯನ್ನು ಹೋಲಿಸಿ ನೋಡಲು 1707ರಲ್ಲಿ ಮಾಡಿದ ಮಾದರಿ ಚಿನ್ನದ ತಗಡೇ ಬೇಕಾದ್ದಕ್ಕಿಂತ ಜಾಸ್ತಿ ಶುದ್ಧವಾಗಿದೆ ಅಂತ ವಾದಿಸಿದರು. ಕೊನೆಗೆ ಆ ತಗಡನ್ನೇ ಬದಿಗಿಟ್ಟರು. ಅಂಥವರನ್ನೂ ಅಳೆದು ನೋಡುವ ವ್ಯವಸ್ಥೆ ಅದು, ಹೆಸರು ನೋಡಿ ಬಿಡುತ್ತಿರಲಿಲ್ಲ. ನನ್ನ ಪ್ರಕಾರ ಆ ಹುದ್ದೆಯ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಕ್ಷಣ ಇಲ್ಲ.

1727ರಲ್ಲಿ ಸಾಯುವವರೆಗೂ ಅವರೇ ಮಾಸ್ಟರ್. ಮುಂದೆ ಖಗೋಳ ವಿಜ್ಞಾನಿ ಜಾನ್ ಹರ್ಶೆಲ್, ಆಮೇಲೆ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ ಅಲ್ಲಿದ್ದರು. 1869ರಲ್ಲಿ ಗ್ರಹಾಂ ತೀರಿಕೊಂಡ ಮೇಲೆ ಆ ಹೆಸರು ಬ್ರಿಟನ್ನಿನ ಹಣಕಾಸು ಮಂತ್ರಿಯ ಪದವಿಗೆ ಸೇರಿತು. ವಾರ್ಡನ್ ಹುದ್ದೆ ಅದಕ್ಕೂ ಮುಂಚೆಯೇ ಹೋಗಿತ್ತು.

ನಿಮ್ಮ ಪ್ರತಿಯಲ್ಲಿ ದಯವಿಟ್ಟು ಒಂದು ತಿದ್ದುಪಡಿ ಮಾಡಿಕೊಳ್ಳಿ. ಚಾಲೋನರ್‌ನನ್ನು ಹಿಡಿದ ಭಾಗದಲ್ಲಿ ‘ಮಾಸ್ಟರ್’ ಅಂತ ಅಚ್ಚಾಗಿದೆ. ಅಲ್ಲಿ ‘ವಾರ್ಡನ್’ ಇರಬೇಕು.

– ಸಂಪಾದಕ