ಮುಂಚಕ್ರದಲ್ಲಿ ಟಕ್ ಟಕ್ ಸದ್ದು, ಜೊತೆಗೆ ಎಣ್ಣೆ ಸೋರಿಕೆ

ಪ್ರಶ್ನೆ: ಇಲ್ಲಿ ತೋಟದ ಕೆಲಸಕ್ಕೆ ಟೊಯೊಟಾ ಲ್ಯಾಂಡ್ ಕ್ರೂಸರ್ 79 ಪಿಕಪ್ ಇದೆ. ಫೋರ್‌ವೀಲ್ ಹಾಕಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಬಲ ಮುಂಚಕ್ರ ಟಕ್ ಟಕ್ ಅನ್ನುತ್ತದೆ. ಚಕ್ರದ ಒಳಬದಿಗೆ ಕಪ್ಪು ಜಿಡ್ಡು ಇಳಿದಿದೆ. ಆಕ್ಸಲ್ ಶಾಫ್ಟ್ ತೆಗೆಯಲು ಡಿಫರೆನ್ಷಿಯಲ್ ಇಳಿಸಬೇಕೆ?
– ಓದುಗರೊಬ್ಬರು, ಸಲಾಲಾ, ಒಮಾನ್

ಉತ್ತರ: ಡಿಫರೆನ್ಷಿಯಲ್ ಮುಟ್ಟಬೇಕಿಲ್ಲ. ಶಾಫ್ಟ್ ಚಕ್ರದ ಕಡೆಯಿಂದಲೇ ಹೊರಬರುತ್ತದೆ. ಸದ್ದು ಬರ್ಫೀಲ್ಡ್ ಜಾಯಿಂಟ್ (ಚಕ್ರ ತಿರುಗಿದಾಗಲೂ ಶಾಫ್ಟಿನ ಎಳೆತ ದಾಟಿಸುವ, ಒಳಗೆ ಗುಂಡುಗಳಿರುವ ಕೀಲು) ಸವೆದದ್ದರದು. ಜಿಡ್ಡಿನ ಕಾರಣ ಬೇರೆ: ಆಕ್ಸಲ್ ಕೊಳವೆಯ ತುದಿಯ ಒಳಸೀಲ್ ಹೋಗಿದ್ದರೆ ಗೇರ್ ಆಯಿಲ್ ನಕಲ್‌ಗೆ (ಸ್ಟಿಯರಿಂಗ್ ಜೊತೆ ತಿರುಗುವ, ಜಾಯಿಂಟ್ ಕೂರುವ ಗೂಡಿಗೆ) ನುಗ್ಗಿ ಗ್ರೀಸನ್ನು ತೆಳುಮಾಡುತ್ತದೆ. ಅಲ್ಲಿಂದಲೇ ಜಾಯಿಂಟ್ ಸವೆಯುವುದೂ ಶುರು. ಸೀಲ್ ಹಾಕದೆ ಜಾಯಿಂಟ್ ಮಾತ್ರ ಬದಲಿಸಿದರೆ ದುಡ್ಡು ದಂಡ.

ಹಿಂಚಕ್ರಗಳಿಗೆ ಕಲ್ಲು ಕೊಟ್ಟು, ಬಲಬದಿ ಎತ್ತಿ, ಆಕ್ಸಲ್ ಅಡಿಗೆ ಸ್ಟ್ಯಾಂಡ್ ಇಡಿ. ಜ್ಯಾಕ್ ಒಂದನ್ನೇ ನಂಬಬೇಡಿ. ಆ ಬದಿ ಎತ್ತರದಲ್ಲಿದ್ದರೆ ಗೇರ್ ಆಯಿಲ್ ಹೆಚ್ಚು ಸುರಿಯುವುದಿಲ್ಲ. ಬ್ರೇಕ್ ಪೈಪ್ ಬಿಚ್ಚದೆ ಕ್ಯಾಲಿಪರ್ ತೆಗೆದು ತಂತಿಯಲ್ಲಿ ಕಟ್ಟಿ. ಹಬ್ ಲಾಕನ್ನು (ಚಕ್ರವನ್ನು ಶಾಫ್ಟಿಗೆ ಜೋಡಿಸುವ, ಬಿಡಿಸುವ ಬೀಗ) ಫ್ರೀಗೆ ತಿರುಗಿಸಿ ಮುಚ್ಚಳ ಬಿಚ್ಚಿ, ಶಾಫ್ಟ್ ತುದಿಯ ಸರ್ಕ್ಲಿಪ್ (ಗಾಡಿಯಲ್ಲಿ ಕೂರುವ ಸ್ಪ್ರಿಂಗ್ ಬಳೆ) ತೆಗೆಯಿರಿ. ನಂತರ ಹಬ್ ಲಾಕಿನ ಆರು ನಟ್. ಅವುಗಳಡಿಯ ಕೋನ್ ವಾಷರ್‌ಗಳು ಕಚ್ಚಿಕೊಂಡಿರುತ್ತವೆ. ನಟ್‌ಗಳನ್ನು ಪೂರ್ತಿ ಬಿಚ್ಚದೆ ಎರಡು ಮೂರು ಸುತ್ತು ಹಾಗೇ ಬಿಟ್ಟು, ಸ್ಟಡ್ ತುದಿಗೆ ಹಿತ್ತಾಳೆ ಸಲಾಕೆಯಿಂದ ತಟ್ಟಿದರೆ ಟಪ್ಪೆಂದು ಬಿಡುತ್ತವೆ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಗ್ಯಾಸ್ಕೆಟ್ ಕೂರುವ ಜಾಗ ಕೆಡುತ್ತದೆ.

ಒಳಗಿನ ಎರಡು ನಟ್‌ಗೆ 54 ಮಿ.ಮೀ. ಸಾಕೆಟ್ ಬೇಕು. ಉಳಿ-ಸುತ್ತಿಗೆಯಲ್ಲೇ ಬಿಚ್ಚುವವರು ಬಹಳ. ಅದರ ಲೋಹದ ಚೂರು ಬೇರಿಂಗ್ ಸೇರುತ್ತದೆ. ಹಬ್ ಎಳೆಯುವಾಗ ಹೊರಬೇರಿಂಗ್ ಬೀಳದಂತೆ ಹೆಬ್ಬೆರಳು ಒತ್ತಿರಲಿ. ಸ್ಪಿಂಡಲ್‌ನ (ಬೇರಿಂಗ್‌ಗಳು ಕೂರುವ ಟೊಳ್ಳು ಕೊಳವೆ) ಬೋಲ್ಟ್ ಬಿಚ್ಚಿ, ಸುತ್ತಲೂ ಮೆಲ್ಲಗೆ ತಟ್ಟಿ ಹೊರತೆಗೆಯಿರಿ.

ಎಷ್ಟೋ ಜನ ತಡವರಿಸುವುದು ಇನ್ನು ಮುಂದೆ. ಜಾಯಿಂಟಿನ ಗುಂಡುಬುಡದಲ್ಲಿ ಚಪ್ಪಟೆ ಭಾಗವಿದೆ. ಅದು ಮೇಲಕ್ಕೆ ಬರುವಂತೆ ಶಾಫ್ಟ್ ತಿರುಗಿಸಿದರೆ ಮಾತ್ರ ನಕಲ್ ಬಾಯಿಯಿಂದ ಹೊರಬರುತ್ತದೆ. ಬಾರದಿದ್ದರೆ ಹೊಡೆಯಬೇಡಿ, ಮತ್ತೆ ತಿರುಗಿಸಿ.

ಶಾಫ್ಟಿನ ಮೇಲೆ ಸೀಲ್ ಉಜ್ಜುವ ಕಡೆ ಉಗುರು ಆಡಿಸಿ. ಉಗುರಿಗೆ ಗೀರು ಸಿಕ್ಕಿದರೆ ಹೊಸ ಸೀಲ್ ಕೂಡ ಬೇಗ ಸೋರುತ್ತದೆ. ಮರಳಿ ಹಾಕುವಾಗ ಶಾಫ್ಟನ್ನು ಕೈಯಲ್ಲಿ ಎತ್ತಿ ಹಿಡಿದೇ ತೂರಿಸಿ. ಶಾಫ್ಟ್ ತುದಿಯ ಸ್ಪ್ಲೈನ್ ಹಲ್ಲು ತಾಗಿದರೆ ಸೀಲ್ ತುಟಿ ಹರಿಯುತ್ತದೆ. ಜಾಯಿಂಟಿಗೂ ನಕಲ್‌ಗೂ ಮಾಲಿಬ್ಡಿನಮ್ ಗ್ರೀಸ್, ನಕಲ್ ಮುಕ್ಕಾಲು ತುಂಬಿದರೆ ಸಾಕು. ಬೇರಿಂಗ್ ನಟ್ ಬಿಗಿಮಾಡಿ, ಹಬ್ಬನ್ನು ಎರಡೂ ಕಡೆ ತಿರುಗಿಸಿ, ಸಡಿಲಿಸಿ, ಮತ್ತೆ ಬಿಗಿಮಾಡಿ. ಚಕ್ರದ ಸ್ಟಡ್‌ಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ಬಿಗಿ ಮ್ಯಾನುಯಲ್‌ನಲ್ಲಿರುವ ಅಂಕಿಗೆ ಬರುವಂತೆ ಸರಿಪಡಿಸಿ. ಕೊನೆಗೆ ಶಾಫ್ಟ್ ತುದಿಯ ತೂತಿಗೆ 8 ಮಿ.ಮೀ. ಬೋಲ್ಟ್ ಹಾಕಿ ಎಳೆದು ಹಿಡಿದರೆ ಸರ್ಕ್ಲಿಪ್ ಸಲೀಸಾಗಿ ಕೂರುತ್ತದೆ.

ಪ್ರಶ್ನೆ: ಹೊಸ ಜಾಯಿಂಟ್ ದುಬಾರಿ. ಹಳೆಯದರಲ್ಲೇ ಕಾಲ ತಳ್ಳಬಹುದೆ?
– ಅವರದೇ ಪತ್ರದಿಂದ

ಉತ್ತರ: ಬಿರುಕಿಲ್ಲದಿದ್ದರೆ ಎಡ-ಬಲ ಜಾಯಿಂಟ್‌ಗಳನ್ನು ಅದಲುಬದಲು ಮಾಡಿ. ಮುಂದಕ್ಕೆ ಓಡುವಾಗ ಗಾಡಿಯ ಎಳೆತವೆಲ್ಲ ಗುಂಡಿನ ಹಾದಿಯ ಒಂದೇ ಪಕ್ಕಕ್ಕೆ ಬೀಳುವುದರಿಂದ ಇನ್ನೊಂದು ಪಕ್ಕ ಹೆಚ್ಚುಕಡಿಮೆ ಹೊಸದಾಗಿಯೇ ಇರುತ್ತದೆ. ಒಳಶಾಫ್ಟ್‌ಗಳ ಉದ್ದ ಮಾತ್ರ ಬೇರೆ ಬೇರೆ, ಅವು ತಂತಮ್ಮ ಬದಿಯಲ್ಲೇ ಇರಲಿ.