ಐದು ನಿಮಿಷದ ನೃತ್ಯದಿಂದ ದೇಶಗಳು ಹತ್ತಿರ ಆಗುತ್ತವಾ?

ಪ್ರಶ್ನೆ: ಬೇರೆ ದೇಶದ ನಾಯಕರು ಬಂದಾಗಲೆಲ್ಲ ಭರತನಾಟ್ಯವೋ ಕಥಕ್ಕೋ ಇಟ್ಟುಕೊಳ್ಳುತ್ತಾರೆ. ಅವರು ಐದು ನಿಮಿಷ ನೋಡಿ, ಚಪ್ಪಾಳೆ ತಟ್ಟಿ, ಊಟಕ್ಕೆ ಏಳುತ್ತಾರೆ. ನನ್ನ ಮಗಳು ಒಂಬತ್ತು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ, ಅದಕ್ಕೇ ಕೇಳುತ್ತಿದ್ದೇನೆ. ಇದರಿಂದ ದೇಶಗಳ ಸಂಬಂಧಕ್ಕೆ ಏನಾದರೂ ಆಗುತ್ತದಾ, ಇಲ್ಲ ಸುಮ್ನೆ ಅಲಂಕಾರವಾ?
– ಓದುಗರೊಬ್ಬರು, ತುಮಕೂರು

ಉತ್ತರ: ಆ ಐದು ನಿಮಿಷದಿಂದ ಜಾಸ್ತಿ ಏನೂ ಆಗುವುದಿಲ್ಲ ಅಂತ ನನಗೂ ಅನಿಸುತ್ತದೆ. ಗಡಿ ಜಗಳ, ವ್ಯಾಪಾರದ ಒಪ್ಪಂದ ಇವೆಲ್ಲ ಮಾತುಕತೆಗೆ ಕೂತವರ ಕೆಲಸ. ಅದನ್ನು ಗೆಜ್ಜೆ ಕಟ್ಟಿದವರ ತಲೆಗೆ ಕಟ್ಟಬಾರದು.

ನಂಟು ಬೆಳೆಯುವ ಜಾಗ ಬೇರೆ ಇದೆ. ಹೊರದೇಶದವರೊಬ್ಬರು ಇಲ್ಲಿಗೆ ಬಂದು, ಗುರುಗಳ ಮುಂದೆ ಅರಮಂಡಿಯಲ್ಲಿ, ಅಂದರೆ ಮಂಡಿ ಅರ್ಧ ಬಗ್ಗಿಸಿ ನಿಂತು, ತಟ್ಟಡವು ಅನ್ನುವ ಮೊದಲ ಹೆಜ್ಜೆಯಿಂದ ಶುರು ಮಾಡಿ, ವರ್ಷಗಟ್ಟಲೆ ಉಳಿಯುತ್ತಾರಲ್ಲ, ಅಲ್ಲಿ. ಪ್ಯಾರಿಸ್‌ನ ಮಿಲೇನಾ ಸಾಲ್ವಿನಿ 1960ರ ದಶಕದಲ್ಲಿ ಕೇರಳ ಕಲಾಮಂಡಲಕ್ಕೆ ಬಂದು ಕಥಕಳಿ ಕಲಿತರು. ವಾಪಸ್ ಹೋದವರು ಸುಮ್ಮನೆ ಕೂರಲಿಲ್ಲ. ಕಥಕಳಿ ತಂಡವನ್ನು ಯುರೋಪಿಗೆ ಕರೆಸಿಕೊಂಡರು, 1975ರಲ್ಲಿ ಪ್ಯಾರಿಸ್‌ನಲ್ಲೇ ಮಂಡಪ ಅನ್ನುವ ಕೇಂದ್ರ ತೆರೆದರು. 2019ರಲ್ಲಿ ನಮ್ಮ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಇಟಲಿಯ ಇಲಿಯಾನಾ ಚಿತಾರಿಸ್ತಿ 1979ರಲ್ಲಿ ಒಡಿಸ್ಸಿ ಕಲಿಯಲು ಒಡಿಶಾಕ್ಕೆ ಬಂದವರು, ಅಲ್ಲಿಯವರೇ ಆಗಿಬಿಟ್ಟರು. ನಮ್ಮ ಉಡುಪಿಯನ್ನೇ ತಗೊಳ್ಳಿ. ಅಮೆರಿಕದ ಮಾರ್ಥಾ ಆಷ್ಟನ್ ಹಿರಿಯಡ್ಕ ಗೋಪಾಲರಾಯರ ಹತ್ತಿರ ಯಕ್ಷಗಾನ ಕಲಿತರು. ಹೆಣ್ಣುಮಕ್ಕಳು ಗೆಜ್ಜೆ ಕಟ್ಟುವುದೇ ಅಪರೂಪವಾಗಿದ್ದ ಕಲೆ ಅದು. ಮುಂದೆ ಅವರು ಯಕ್ಷಗಾನದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೂ ತಂದರು.

ನಂಟು ಒಂದೇ ಕಡೆಯಿಂದ ಬೆಳೆದದ್ದೂ ಅಲ್ಲ. ರುಕ್ಮಿಣಿ ದೇವಿಯವರಿಗೆ ಮೊದಲು ಆಸೆ ಹುಟ್ಟಿದ್ದು ರಷ್ಯಾದ ಅನ್ನಾ ಪಾವ್ಲೋವಾ ಅವರ ಬ್ಯಾಲೆ ಮೇಲೆ. ನಿಮ್ಮ ದೇಶದ ನೃತ್ಯವನ್ನೇ ಹುಡುಕಿ ಅಂತ ಹೇಳಿದ್ದೂ ಪಾವ್ಲೋವಾ ಅವರೇ. ಹಾಗೆ ಭರತನಾಟ್ಯಕ್ಕೆ ಬಂದ ರುಕ್ಮಿಣಿ ದೇವಿಯವರು 1936ರಲ್ಲಿ ಚೆನ್ನೈನಲ್ಲಿ ಕಲಾಕ್ಷೇತ್ರ ಅನ್ನುವ ನೃತ್ಯಶಾಲೆ ಶುರು ಮಾಡಿದರು. ನಮ್ಮ ಬೆಂಗಳೂರಿನ ಮಾಯಾ ರಾವ್ 1960ರ ದಶಕದಲ್ಲಿ ಸೋವಿಯತ್ ವಿದ್ಯಾರ್ಥಿವೇತನ ಪಡೆದು ಮಾಸ್ಕೋದಲ್ಲಿ ನೃತ್ಯ ಸಂಯೋಜನೆ ಕಲಿತು ಬಂದರು, ಆಮೇಲೆ ಆ ವಿದ್ಯೆಯನ್ನು ಇಲ್ಲಿ ಎಷ್ಟೋ ಮಕ್ಕಳಿಗೆ ಹಂಚಿದರು.

ಇನ್ನೊಂದು ಸಂಗತಿ ಹೇಳಲೇಬೇಕು. 2020ರಲ್ಲಿ ಗಾಲ್ವಾನ್ ಕಣಿವೆಯಲ್ಲಿ ಏನಾಯಿತು ಅಂತ ನಿಮಗೆ ಗೊತ್ತು. ಭಾರತ ಚೀನಾ ನಡುವೆ ಆ ಬಿಗಿ ಇನ್ನೂ ಪೂರ್ತಿ ಸಡಿಲವಾಗದ ದಿನಗಳಲ್ಲೇ, 2024ರ ಆಗಸ್ಟ್‌ನಲ್ಲಿ, ಚೀನಾದ 13 ವರ್ಷದ ಹುಡುಗಿಯೊಬ್ಬಳು ಬೀಜಿಂಗ್‌ನಲ್ಲಿ ಭರತನಾಟ್ಯ ರಂಗಪ್ರವೇಶ ಮಾಡಿದಳು. ಅವಳಿಗೆ ಕಲಿಸಿದವರೂ ಚೀನಾದವರೇ, ಭಾರತದಲ್ಲಿ ಕಲಿತು ಹೋದವರು. ಆ ಹುಡುಗಿ ಅಷ್ಟು ವರ್ಷ ಬೆವರು ಸುರಿಸಿದ್ದು ನೃತ್ಯದ ಮೇಲಿನ ಪ್ರೀತಿಗೆ ತಾನೇ? ಯಾವ ಒಪ್ಪಂದವೂ ಅವಳಿಗೆ ಅದನ್ನು ಕಲಿ ಅಂತ ಹೇಳಿರಲಿಲ್ಲ. ನನಗೆ ಇದೇ ತುಂಬಾ ದೊಡ್ಡದು ಅನಿಸುತ್ತದೆ.

ಪ್ರಶ್ನೆ: ಕಲಾವಿದರನ್ನು ಸರ್ಕಾರದ ಕಡೆಯಿಂದ ವಿದೇಶಕ್ಕೆ ಕಳಿಸುವುದು ಯಾರು? ಅಲ್ಲಿನವರಿಗೆ ಭಾಷೆ ಗೊತ್ತಿರುವುದಿಲ್ಲ, ಹಾಗಾಗಿ ಹಾಡಿನ ಅರ್ಥವನ್ನು ಮುಖ, ಕೈಯಲ್ಲಿ ತೋರಿಸುವ ಅಭಿನಯ ಬಿಟ್ಟು, ತಾಳಕ್ಕೆ ಹೆಜ್ಜೆ ಹಾಕುವ ತಿಲ್ಲಾನದಂಥದ್ದು ಮಾತ್ರ ಮಾಡಿ ಅನ್ನುತ್ತಾರೆ. ಅದು ಸರಿಯಾ?
– ನೃತ್ಯ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಮುಖ್ಯವಾಗಿ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು, ಅಂದರೆ ಐಸಿಸಿಆರ್. ಮೌಲಾನಾ ಅಬುಲ್ ಕಲಾಂ ಆಜಾದ್ 1950ರಲ್ಲಿ ಕಟ್ಟಿದ್ದು, ಈಗ ವಿದೇಶಾಂಗ ಸಚಿವಾಲಯದ ಕೆಳಗಿದೆ. ಕಲಾವಿದರು ಅರ್ಜಿ ಹಾಕುತ್ತಾರೆ, ತಜ್ಞರು ನೋಡಿ ಪಟ್ಟಿಗೆ ಸೇರಿಸುತ್ತಾರೆ. ಹೊರದೇಶದ ಮಕ್ಕಳು ಇಲ್ಲಿ ಬಂದು ಕಲಿಯಲು ವಿದ್ಯಾರ್ಥಿವೇತನ ಕೊಡುವುದು, ಹೊರಗಿನ ಕೇಂದ್ರಗಳಿಗೆ ಶಿಕ್ಷಕರನ್ನು ಕಳಿಸುವುದು ಇವೂ ಪರಿಷತ್ತಿನ ಕೆಲಸವೇ. ನನ್ನನ್ನು ಕೇಳಿದರೆ ದೊಡ್ಡ ಉತ್ಸವಕ್ಕಿಂತ ಈ ಎರಡಕ್ಕೆ ಜಾಸ್ತಿ ದುಡ್ಡು ಹಾಕಬೇಕು.

ಅಭಿನಯ ಮಾತ್ರ ಬಿಡಬೇಡಿ. 1963ರಲ್ಲಿ ಭರತನಾಟ್ಯ ಕಲಾವಿದೆ ಬಾಲಸರಸ್ವತಿ ಸ್ಕಾಟ್ಲೆಂಡಿನ ಎಡಿನ್‌ಬರಾ ಉತ್ಸವಕ್ಕೆ ಹೋದಾಗ ಅಲ್ಲಿ ಕೂತವರಲ್ಲಿ ತಮಿಳು, ತೆಲುಗು ಗೊತ್ತಿದ್ದವರು ಎಷ್ಟು ಜನ ಇದ್ದಿರಬಹುದು? ಬಾಲಸರಸ್ವತಿ ಅಂದರೇನೇ ಅಭಿನಯ ಅಲ್ವಾ! ಅದನ್ನು ನೋಡಿಯೇ ಪಶ್ಚಿಮದ ಜನ ಅವರನ್ನು ಮತ್ತೆ ಮತ್ತೆ ಕರೆದರು, ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಕಲಿಸಲಿಕ್ಕೂ ಕರೆದರು. ನೀವು ಪದ, ಅಂದರೆ ಅಭಿನಯದ ಹಾಡು, ಶುರು ಮಾಡುವ ಮೊದಲು ಮೈಕ್ ಹಿಡಿದು ಎರಡೇ ಮಾತಿನಲ್ಲಿ ಸಂದರ್ಭ ಹೇಳಿ, ನಾಲ್ಕು ಹಸ್ತಮುದ್ರೆ ತೋರಿಸಿ. ಸಾಧ್ಯ ಆದರೆ ಹಾಡುವವರನ್ನು, ಮೃದಂಗದವರನ್ನು ಜೊತೆಗೆ ಕರೆದುಕೊಂಡು ಹೋಗಿ. ರೆಕಾರ್ಡ್ ಹಾಕಿಕೊಂಡು ಆಡಿದರೆ ಸಂಚಾರಿಯನ್ನು, ಅಂದರೆ ಒಂದೇ ಸಾಲಿನ ಭಾವವನ್ನು ಬಗೆಬಗೆಯಾಗಿ ಬೆಳೆಸುವುದನ್ನು, ಒಂದು ಸುತ್ತು ಹಿಗ್ಗಿಸಲಿಕ್ಕೂ ಆಗುವುದಿಲ್ಲ, ಎದುರಿಗೆ ಕೂತವರು ಕಣ್ಣು ಒರೆಸಿಕೊಳ್ಳುತ್ತಿದ್ದರೂ ಹಾಡು ನಿಮಗಾಗಿ ನಿಲ್ಲುವುದಿಲ್ಲ.