ತಾಳ ಹಾಕಿ ಕೇಳಿ, ಮೇಷ್ಟ್ರೇ

ಪತ್ರ: ಮೊಮ್ಮಗ ಇಡೀ ದಿನ ‘ಮಿಗೋಸ್’ ಅನ್ನುವ ಅಮೆರಿಕದ ತಂಡದ ರ‍್ಯಾಪ್ ಕೇಳುತ್ತಾನೆ. ಒಂದೇ ಪದವನ್ನು ಹತ್ತಾರು ಸಲ ಹೇಳಿದರೆ ಅದು ಹಾಡಾಗುತ್ತದೆಯೇ? ಈಗ ಎಲ್ಲರೂ ಒಂದೇ ಥರ ಹಾಡುತ್ತಾರೆ. ರ‍್ಯಾಪ್ ಕೆಟ್ಟಿದ್ದೇ ಇವರಿಂದ ಅಲ್ವಾ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಮೇಷ್ಟ್ರೇ, ನಿಮ್ಮ ಬೇಸರದಲ್ಲಿ ಹುರುಳಿಲ್ಲ ಅನ್ನಲಾರೆ. ಮಿಗೋಸ್‌ನ 2018ರ ‘ಕಲ್ಚರ್ 2’ ಆಲ್ಬಮ್‌ನಲ್ಲಿ 24 ಹಾಡುಗಳಿವೆ. ಅರ್ಧ ಸಾಕಿತ್ತು. ಸುಮ್ನೆ ನಕಲು ಮಾಡಿದವರೂ ಜಾಸ್ತಿ.

ಆದರೆ ನೀವು ಪದ ಎಣಿಸಿದ್ದೀರಿ, ತಾಳ ಹಾಕಿ ನೋಡಿಲ್ಲ. ತಂಡದ ಕ್ವೇವೊ, ಆಫ್‌ಸೆಟ್, ಟೇಕಾಫ್ ಮೂವರೂ ಅಟ್ಲಾಂಟಾ ಪಕ್ಕದ ಗ್ವಿನೆಟ್ ಕೌಂಟಿಯಲ್ಲಿ ಬೆಳೆದವರು. ಕ್ವೇವೊ ಸೋದರಮಾವ, ಟೇಕಾಫ್ ಅಳಿಯ. ಅವರ 2013ರ ‘ವರ್ಸಾಚೆ’ ಹಾಡಿನ ಪಲ್ಲವಿಯಲ್ಲಿ ಆ ಹೆಸರು ಬಿಟ್ಟು ಹೆಚ್ಚೇನೂ ಇಲ್ಲ, ನಿಜ. ತೊಡೆ ತಟ್ಟುತ್ತಾ ಕೇಳಿ. ಒಂದೊಂದು ಏಟಿಗೆ ಮೂರು ಮೂರು ಅಕ್ಷರ. ತಕಿಟ, ತಕಿಟ. ನಮ್ಮ ತಿಶ್ರ ನಡೆ! ಕೆಳಗೆ ಹಾಡಿನ ಸಂಗೀತ ಕಟ್ಟಿದ ಜೇಟೋವನ್ ಕೂರಿಸಿದ ಡ್ರಮ್ ಚತುರಶ್ರದಲ್ಲೇ, ಅಂದರೆ ನಾಲ್ಕರ ಲೆಕ್ಕದಲ್ಲೇ ಹೋಗುತ್ತಿರುತ್ತದೆ. ಆತ ಚರ್ಚಿನಲ್ಲಿ ಆರ್ಗನ್ ನುಡಿಸಿ ಪಳಗಿದ ಕೈ. ಒಬ್ಬ ಸಾಲು ಮುಗಿಸಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಉಳಿದಿಬ್ಬರು ಹಿಂದಿನಿಂದ ಕೂಗಿ ಆ ಜಾಗ ತುಂಬುತ್ತಾರೆ. ಈ ಕೂಗುಗಳನ್ನೂ ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ.

ಈ ನಡೆಯನ್ನು ಇವರೇ ಹುಟ್ಟಿಸಿದ್ದಲ್ಲ. ಅಮೆರಿಕದ ಮೆಂಫಿಸ್ ನಗರದ ‘ತ್ರೀ ಸಿಕ್ಸ್ ಮಾಫಿಯಾ’ ರ‍್ಯಾಪ್ ತಂಡದ ಲಾರ್ಡ್ ಇನ್‌ಫಮಸ್ 1990ರ ದಶಕದಲ್ಲೇ ಹೀಗೆ ಹಾಡುತ್ತಿದ್ದ. ಅವನ ಹೆಸರು ಎಷ್ಟು ಜನಕ್ಕೆ ಗೊತ್ತು? ಮಿಗೋಸ್ ಅದನ್ನು ಊರೆಲ್ಲ ಆಡುವ ಮಾತಾಗಿಸಿದರು. 2013ರಲ್ಲೇ ಡ್ರೇಕ್‌ನಂಥ ದೊಡ್ಡ ಹೆಸರಿನವನು ‘ವರ್ಸಾಚೆ’ಯ ರೀಮಿಕ್ಸ್‌ನಲ್ಲಿ ಇವರ ನಡೆಯನ್ನೇ ಹಿಡಿದ. 2017ರ ಜನವರಿಯಲ್ಲಿ ಇವರ ‘ಬ್ಯಾಡ್ ಆ್ಯಂಡ್ ಬೂಜಿ’ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಎಲ್ಲರೂ ಒಂದೇ ಥರ ಹಾಡುತ್ತಾರೆ ಅಂದಿರಲ್ಲ, ಆ ಥರ ಎಲ್ಲಿಂದ ಬಂತು ಅಂತ ಕೇಳಿದರೆ ನಿಮ್ಮ ದೂರೇ ಹೊಗಳಿಕೆಯಾಗುತ್ತದೆ. ಮೂವರಲ್ಲಿ ಲಯದ ಮೇಲೆ ಹೆಚ್ಚು ಹಿಡಿತ ಇದ್ದವನು ಟೇಕಾಫ್ ಅಂತ ನನ್ನ ಅಭಿಪ್ರಾಯ. 2022ರ ನವೆಂಬರ್ 1ರಂದು ಹ್ಯೂಸ್ಟನ್‌ನಲ್ಲಿ ಅವನು ಗುಂಡಿಗೆ ಬಲಿಯಾದ. ಬರೀ 28 ವರ್ಷ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ನಮಗೆ ಹಾಡು ಅಂದರೆ ಸಾಹಿತ್ಯ ಅಷ್ಟೇ. ಲಯ ಕಟ್ಟುವವನ ಕಡೆ ಯಾರೂ ನೋಡುವುದಿಲ್ಲ. ನಮ್ಮ ಸಂಗೀತ ಕಚೇರಿಗಳ ವರದಿ ಓದಿ. ಮೃದಂಗದವರಿಗೆ ಕೊನೆಯಲ್ಲಿ ಒಂದೇ ಸಾಲು: ‘ಉತ್ತಮ ಸಾಥ್ ನೀಡಿದರು’. ಮೃದಂಗದವರು ಒಂಟಿಯಾಗಿ ನುಡಿಸುವ ತನಿ ಆವರ್ತನ ಶುರುವಾಯಿತೋ, ಅರ್ಧ ಸಭೆ ಕಾಫಿಗೆ ಏಳುತ್ತದೆ. ನಿಮ್ಮ ಮೊಮ್ಮಗ ಲಯ ಕೇಳುವುದಕ್ಕೇ ಕೂತಿದ್ದಾನೆ. ಅವನನ್ನು ಬೈಯಬೇಡಿ ಮೇಷ್ಟ್ರೇ.